ಹಳಮೆಯೇ ಹಿರಿಮೆಯೆ?

ಹಳೆಯದಾದಷ್ಟೂ ಬೆಲೆ ಏರುವ ಪದಾರ್ಥಗಳು ಕೆಲವುಂಟು. ನಮ್ಮ ಮನೆಗಳಲ್ಲಿ ಹೊಸ ಅಕ್ಕಿಗಿಂತ ಹಳೆಯ ಅಕ್ಕಿಗೆ ಮನ್ನಣೆ ಹೆಚ್ಚು. ಹೊಸದರ ಅನ್ನ ಮುದ್ದೆಗಟ್ಟುತ್ತದೆ. ವರ್ಷ ಕಳೆದುದರ ಅನ್ನ ಅರಳಿ ಉದುರುದುರಾಗಿ ನಿಲ್ಲುತ್ತದೆ. ಭರಣಿಯಲ್ಲಿ ವರ್ಷಗಟ್ಟಲೆ ಕುಳಿತ ನಿಂಬೆಕಾಯಿ ಉಪ್ಪಿನಕಾಯಿ ಕಪ್ಪಾದಷ್ಟೂ ರುಚಿಯೆಂದು ಹೇಳುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ಅದೇ ಮನೆಯಲ್ಲಿ ಹಳೆಯ ಕಡಲೆಕಾಯಿ ಎಣ್ಣೆಯನ್ನಾಗಲಿ ಹಳೆಯ ಕೊಬ್ಬರಿಯನ್ನಾಗಲಿ ಯಾರೂ ಮೆಚ್ಚುವುದಿಲ್ಲ. ಅವು ಕಮಟು ಹಿಡಿಯುತ್ತವೆ. ಕಾಲವೊಂದೇ, ಫಲ ಬೇರೆ ಬೇರೆ. ಹೀಗಿರುವಾಗ ಹಳೆಯದು ಒಳ್ಳೆಯದೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇರಲಾರದು. ಯಾವ ವಸ್ತು, ಎಲ್ಲಿ ಇಟ್ಟದ್ದು, ಎಷ್ಟು ಕಾಲ ಇಟ್ಟದ್ದು, ಯಾವುದರೊಡನೆ ಹೋಲಿಸಿ ಹೇಳುವುದು ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.

ಈ ಪ್ರಶ್ನೆ ಬಹು ಸ್ವಾರಸ್ಯವಾಗಿ ಎದುರಾಗುವ ಒಂದು ಸ್ಥಳ ಇಂಗ್ಲೆಂಡಿನ ಬಿಯರ್ ನೆಲಮಾಳಿಗೆ. ಬಿಯರು ತಾಜಾ ಇರುವಾಗಲೇ ಕುಡಿಯತಕ್ಕ ಪಾನೀಯವೆಂಬುದು ಸಾಮಾನ್ಯ ನಿಯಮ. ಆದರೆ ಮದ್ಯಸಾರದ ಅಂಶ ಹೆಚ್ಚಾಗಿರುವ ಕಡು ಬಿಯರುಗಳನ್ನು ಹತ್ತು, ಇಪ್ಪತ್ತು, ಅಪರೂಪವಾಗಿ ನೂರು ವರ್ಷಗಳವರೆಗೂ ಮುಚ್ಚಿಟ್ಟು, ಬಳಿಕ ಭಕ್ತಿಯಿಂದ ತೆರೆಯುವುದು ಆ ದೇಶದಲ್ಲಿ ಕಂಡುಬರುತ್ತದೆ. ಹೀಗೆ ಹಳತಾದ ಬಿಯರು ಕುಡಿಯಲು ನಿಜವಾಗಿಯೂ ಅರ್ಹವೆ? ಅಥವಾ ಅದರ ಮಹಿಮೆಯೆಲ್ಲ ಸೀಸೆಯ ಚೀಟಿಯ ಮೇಲಿನ ಇಸವಿಯಲ್ಲಿದೆಯೆ? ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ಇದನ್ನೇ.

ವಿದ್ಯಾರ್ಥಿಗಳು ಓದುವ ವಿಜ್ಞಾನ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಕುಡಿಯಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಕೊನೆಯಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ. ಆದರೆ ಅನಿಲಗಳ ಒತ್ತಡ, ರಾಸಾಯನಿಕ ಕ್ರಿಯೆಗಳ ವೇಗ, ಸಂಭವನೀಯತೆಯ ಗಣಿತ ಎಂದು ತರಗತಿಯಲ್ಲಿ ಬಿಡಿಬಿಡಿಯಾಗಿ ಕಲಿಯುವ ವಿಷಯಗಳು ಒಂದೇ ಸೀಸೆಯ ಸುತ್ತ ಕೂಡಿ ಬರುವುದು ಅಪರೂಪ. ಅದಕ್ಕಿಂತ ಹೆಚ್ಚಾಗಿ, ಕೀರ್ತಿಯನ್ನು ಗುಣವೆಂದು ಎಣಿಸದಿರುವ ಅಭ್ಯಾಸ ಎಳೆಯ ವಯಸ್ಸಿನಲ್ಲಿಯೇ ಬೇರೂರಬೇಕು. ಅದಕ್ಕೆ ಈ ಉದಾಹರಣೆ ಚೆನ್ನಾಗಿ ಒದಗುತ್ತದೆ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ಕದಡಿ ತೆಗೆದ ಸಿಹಿ ರಸಕ್ಕೆ ಹಾಪ್ ಎಂಬ ಬಳ್ಳಿಯ ಹೂಗಳನ್ನು ಹಾಕಿ ಕುದಿಸಿ, ಆರಿದ ಬಳಿಕ ಯೀಸ್ಟ್ ಬೆರೆಸಿ ಹುದುಗಲು ಬಿಟ್ಟರೆ ಬಿಯರು ಸಿದ್ಧವಾಗುತ್ತದೆ. ಸಾಮಾನ್ಯ ಬಿಯರಿನಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು. ರಸವನ್ನು ಗಟ್ಟಿಯಾಗಿ ತೆಗೆದು ಹುದುಗಿಸಿದರೆ ಅದು ಎಂಟರಿಂದ ಹನ್ನೆರಡು ಪಾಲಿನವರೆಗೂ ಏರಬಹುದು. ನಾವು ಕಡು ಬಿಯರ್ ಎನ್ನುತ್ತಿರುವುದು ಇದನ್ನು. ಶ್ರೀಮಂತರ ಮನೆಯಲ್ಲಿ ಮಗು ಹುಟ್ಟಿದಾಗ ಇಂತಹ ಬಿಯರನ್ನು ಮಾಡಿಟ್ಟು, ಮಗುವಿಗೆ ೨೧ ವರ್ಷ ತುಂಬಿದ ದಿನ ತೆರೆಯುವ ಪದ್ಧತಿ ಇಂಗ್ಲೆಂಡಿನಲ್ಲಿತ್ತು. ಬರ್ಟನ್ ಪಟ್ಟಣದ ಪ್ರಸಿದ್ಧ ಬ್ಯಾಸ್ ಕಾರ್ಖಾನೆಯ ಪಾಲುದಾರರಾದ ರ‍್ಯಾಟ್‌ಕ್ಲಿಫ್ ಮನೆತನದಲ್ಲಿ ೧೮೬೯ರಲ್ಲಿ ಮಗು ಹುಟ್ಟಿದ ನೆನಪಿಗಾಗಿ ಮಾಡಿದ ಬಿಯರಿನ ಸೀಸೆಗಳು ೨೦೦೬ರಲ್ಲಿ ಅಲ್ಲಿಯ ನೆಲಮಾಳಿಗೆಯಲ್ಲಿ ದೊರೆತವು. ೧೩೭ ವರ್ಷಗಳ ಆ ಬಿಯರನ್ನು ರುಚಿ ನೋಡಿದವರು ಅದಿನ್ನೂ ಕುಡಿಯುವಂತಿದೆ ಎಂದರು. ಅದೇ ಕಾರ್ಖಾನೆಗೆ ೧೯೦೨ರಲ್ಲಿ ಏಳನೆಯ ಎಡ್ವರ್ಡ್ ದೊರೆ ಭೇಟಿಯಿತ್ತಾಗ ತಯಾರಾದ ‘ಕಿಂಗ್ಸ್ ಏಲ್’ ಎಂಬುದರ ಸೀಸೆಗಳನ್ನೂ ಜನ ಕಾಪಾಡಿಕೊಂಡು ಬಂದರು. ಡಾರ್ಚೆಸ್ಟರ್ ಪಟ್ಟಣದ ಎಲ್ಡ್ರಿಜ್ ಪೋಪ್ ಎಂಬ ಸಂಸ್ಥೆ, ಕಾದಂಬರಿಕಾರ ಥಾಮಸ್ ಹಾರ್ಡಿ ತೀರಿಕೊಂಡು ನಲವತ್ತು ವರ್ಷ ತುಂಬಿದ ೧೯೬೮ರಲ್ಲಿ ಆತನ ಹೆಸರಿನ ಕಡು ಬಿಯರೊಂದನ್ನು ಹೊರತಂದಿತು. ಅದು ಸೀಸೆಯಲ್ಲಿ ೨೫ ವರ್ಷ ಬಾಳುವುದೆಂದು ತಯಾರಕರೇ ಹೇಳಿಕೊಂಡರು.

ಸೀಸೆಯೊಳಗೆ ಇಷ್ಟು ವರ್ಷಗಳ ಕಾಲ ನಡೆಯುವುದಾದರೂ ಏನು? ಮುಚ್ಚಿದ ಸೀಸೆಯೆಂದರೆ ನಿದ್ರಿಸುತ್ತಿರುವ ಸೀಸೆಯಲ್ಲ. ಅದರಲ್ಲಿ ನೂರಾರು ಬಗೆಯ ಅಣುಗಳಿವೆ. ಅವು ಒಂದರೊಡನೊಂದು ನಿಧಾನವಾಗಿ ವರ್ತಿಸುತ್ತಲೇ ಇರುತ್ತವೆ.

ಈ ಕ್ರಿಯೆಗಳಲ್ಲಿ ಮೊದಲ ಸ್ಥಾನ ಆಮ್ಲಜನಕದ್ದು. ಸೀಸೆ ತುಂಬುವಾಗ ಸ್ವಲ್ಪ ಗಾಳಿ ಒಳಗೆ ಉಳಿಯುತ್ತದೆ. ಸಾಲದುದಕ್ಕೆ, ಬಿರಡೆಯ ಮೂಲಕವೂ ಲೋಹದ ಮುಚ್ಚಳದ ಒಳಪದರದ ಮೂಲಕವೂ ಹೊರಗಿನ ಆಮ್ಲಜನಕ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಒಳಗೆ ನುಸುಳುತ್ತಿರುತ್ತದೆ. ಒಳಗಿನ ಇಂಗಾಲದ ಡೈ ಆಕ್ಸೈಡಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಾಗಿರುವಾಗ ಹೊರಗಿನದು ಒಳಗೆ ಬರುವುದು ಹೇಗೆಂದು ಚುರುಕಾದ ವಿದ್ಯಾರ್ಥಿ ಕೇಳದಿರಲಾರ. ಉತ್ತರ ಡಾಲ್ಟನ್ನನ ಆಂಶಿಕ ಒತ್ತಡದ ನಿಯಮದಲ್ಲಿದೆ. ಮುಚ್ಚಳದ ಪದರದಲ್ಲಿ ಪ್ರತಿಯೊಂದು ಅನಿಲವೂ ತನ್ನ ಆಂಶಿಕ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ವ್ಯಾಪಿಸುತ್ತದೆ. ಬೇರೆ ಅನಿಲದ ಒತ್ತಡ ಅದಕ್ಕೆ ಗೋಡೆಯಾಗುವುದಿಲ್ಲ. ಹೊರಗೆ ಆಮ್ಲಜನಕದ ಆಂಶಿಕ ಒತ್ತಡ ವಾಯುಮಂಡಲದ ಒತ್ತಡದ ಐದನೆಯ ಒಂದು ಪಾಲು, ಒಳಗೆ ಹೆಚ್ಚುಕಡಿಮೆ ಸೊನ್ನೆ. ಆದುದರಿಂದ ಇಂಗಾಲದ ಡೈ ಆಕ್ಸೈಡ್ ಹೊರಕ್ಕೂ ಆಮ್ಲಜನಕ ಒಳಕ್ಕೂ ಏಕಕಾಲದಲ್ಲಿ ನಡೆಯುತ್ತವೆ.

ಆಮ್ಲಜನಕದ ಉಪದ್ರವದಿಂದ ಆಲ್ಡಿಹೈಡ್ ಎಂಬ ವರ್ಗದ ಸಂಯುಕ್ತಗಳು ಹೆಚ್ಚುತ್ತವೆ. ಅವುಗಳಲ್ಲಿ ನಾನೆನಾಲ್ ಎಂಬುದು ಕುಪ್ರಸಿದ್ಧ. ಬಿಯರಿಗೆ ನೆನೆದ ರಟ್ಟಿನ ವಾಸನೆ ಕೊಡುವುದು ಅದೇ. ಒಂದು ಲೀಟರಿನಲ್ಲಿ ಒಂದು ಗ್ರಾಮಿನ ಕೋಟಿಯಲ್ಲೊಂದು ಭಾಗದಷ್ಟಿದ್ದರೂ ಮೂಗು ಅದನ್ನು ಹಿಡಿಯಬಲ್ಲುದು. ಅಂದರೆ ಒಂದೇ ಗ್ರಾಮು ಒಂದು ಕೋಟಿ ಲೀಟರ್ ಬಿಯರನ್ನು ಕೆಡಿಸಲು ಸಾಕು.

ಇನ್ನು ಕಹಿ. ಹಾಪ್ ಹೂವಿನ ಕಹಿ ಆಮ್ಲಗಳು ಕಾಲಕ್ರಮದಲ್ಲಿ ಒಡೆದು ಹೋಗುತ್ತವೆ. ಬಿಯರಿನ ಕಹಿ ಇಳಿಯುತ್ತದೆ, ಸಿಹಿ ಮುಂದೆ ಬಂದಂತೆ ತೋರುತ್ತದೆ. ಬಾಳೆಹಣ್ಣಿನ ಪರಿಮಳವಿರುವ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರು ನೀರಿನೊಡನೆ ವರ್ತಿಸಿ ಮೆಲ್ಲಗೆ ಕಳೆದುಹೋಗುತ್ತದೆ. ಅದರ ಸ್ಥಾನದಲ್ಲಿ ದ್ರಾಕ್ಷಾರಸವನ್ನು ನೆನಪಿಗೆ ತರುವ ಬೇರೆ ಎಸ್ಟರುಗಳು ಹುಟ್ಟುತ್ತವೆ. ಸಕ್ಕರೆಗಳಿಗೂ ಅಮೈನೊ ಆಮ್ಲಗಳಿಗೂ ನಡುವೆ ಮೇಲಾರ್ಡ್ ಕ್ರಿಯೆ ಸಾಗುತ್ತದೆ. ಹಾಲನ್ನು ಬತ್ತಿಸಿ ಖೋವ ಮಾಡುವಾಗ ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುವ ಕ್ರಿಯೆಯೇ ಇದು. ಒಲೆಯ ಮೇಲೆ ಒಂದು ಗಂಟೆಯಲ್ಲಿ ಆಗುವುದು ತಂಪು ಮಾಳಿಗೆಯಲ್ಲಿ ವರ್ಷಗಳನ್ನು ತೆಗೆದುಕೊಳ್ಳುತ್ತದೆ. ಹಳೆಯ ಬಿಯರಿನಲ್ಲಿ ಕಾಣಿಸಿಕೊಳ್ಳುವ ಸೊಟೊಲಾನ್ ಎಂಬ ವಸ್ತು ನಮ್ಮ ಅಡಿಗೆಮನೆಗೆ ಅಪರಿಚಿತವಲ್ಲ: ಮೆಂತ್ಯದ ವಿಶಿಷ್ಟ ವಾಸನೆಗೆ ಮುಖ್ಯ ಕಾರಣ ಅದೇ. ಸ್ಪೇನಿನ ಷೆರಿ ಎಂಬ ಹಳೆಯ ದ್ರಾಕ್ಷಾಮದ್ಯದಲ್ಲಿಯೂ ಅದಿದೆ. ಹಳೆಯ ಕಡು ಬಿಯರು ಷೆರಿಯನ್ನು ಹೋಲುತ್ತದೆ ಎಂದು ಅನುಭವಿಗಳು ಹೇಳುವುದು ಬರಿಯ ಕವಿತ್ವವಲ್ಲವೆಂದು ಇದರಿಂದ ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಳಿತನ್ನು ತರುವ ಕ್ರಿಯೆಗಳೂ ಕೆಡುಕನ್ನು ತರುವ ಕ್ರಿಯೆಗಳೂ ಒಂದೇ ಕಾಲದಲ್ಲಿ ಒಂದೇ ಸೀಸೆಯಲ್ಲಿ ನಡೆಯುತ್ತವೆ. ರಟ್ಟಿನ ವಾಸನೆ ಏರುತ್ತ ಹೋಗಿ, ಒಂದು ಶಿಖರವನ್ನು ಮುಟ್ಟಿ, ಬಳಿಕ ಇಳಿಯುವುದೆಂದು ಸಂಶೋಧಕರು ಕಂಡಿದ್ದಾರೆ. ಕಾಕಂಬಿಯನ್ನೂ ಒಣದ್ರಾಕ್ಷಿಯನ್ನೂ ಹೋಲುವ ಸಿಹಿ ಪರಿಮಳಗಳು ಮಾತ್ರ ಏರುತ್ತಲೇ ಇರುತ್ತವೆ. ಸಾಮಾನ್ಯ ತೆಳು ಬಿಯರಿಗೆ ಈ ದಾರಿಯನ್ನು ದಾಟುವ ತ್ರಾಣವಿಲ್ಲ. ರಟ್ಟಿನ ವಾಸನೆಯನ್ನು ಮರೆಸಬಲ್ಲ ಬೇರೆ ಗುಣ ಅದರಲ್ಲಿಲ್ಲ. ಕಡು ಬಿಯರಿಗೆ ಮೂರು ರಕ್ಷಣೆಗಳುಂಟು. ಹೆಚ್ಚಿದ ಮದ್ಯಸಾರ, ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವಂತೆ, ಸೂಕ್ಷ್ಮಜೀವಿಗಳನ್ನು ಹತೋಟಿಯಲ್ಲಿಡುತ್ತದೆ. ಹುರಿದ ಮಾಲ್ಟಿನಿಂದ ಬಂದ ಕಂದು ಪದಾರ್ಥಗಳು ಉತ್ಕರ್ಷಣವನ್ನು ಸ್ವಲ್ಪಮಟ್ಟಿಗೆ ತಡೆಯುತ್ತವೆ. ಸೀಸೆಯಲ್ಲಿ ಜೀವಂತ ಯೀಸ್ಟ್ ಉಳಿದಿದ್ದರೆ ಅದು ಮೊದಮೊದಲು ಆಮ್ಲಜನಕವನ್ನು ತಾನೇ ನುಂಗುತ್ತದೆ. ಆದರೆ ಆ ಯೀಸ್ಟ್ ಚಿರಂಜೀವಿಯಲ್ಲ. ಅದು ಸತ್ತ ಬಳಿಕ ಅದರ ಕೋಶಗಳು ಕರಗಿ, ಮಾಂಸದ ಸಾರಿನಂತಹ ರುಚಿಯನ್ನು ಬಿಡುತ್ತವೆ. ಕಾಯುವವನೇ ಕಡೆಗೆ ಕೆಡಿಸುವವನೂ ಆಗುತ್ತಾನೆ.

ಇಷ್ಟು ವರ್ಷ ಹಳೆಯದು ಎಂಬ ಮಾತಿಗೆ ಭೌತವಿಜ್ಞಾನದ ದೃಷ್ಟಿಯಿಂದ ಪೂರ್ಣ ಅರ್ಥವಿಲ್ಲ. ಜೊತೆಗೆ ಉಷ್ಣತೆಯನ್ನೂ ಹೇಳಬೇಕು. ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್ ಏರಿದರೆ ಇಂತಹ ಕ್ರಿಯೆಗಳ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಬರ್ಟನ್ನಿನ ಮಾಳಿಗೆ ೧೨ ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳೋಣ. ರಾಯಚೂರಿನ ಒಂದು ಕೋಣೆ ೩೨ ಡಿಗ್ರಿಯಲ್ಲಿದೆ ಎಂದುಕೊಳ್ಳೋಣ. ವ್ಯತ್ಯಾಸ ೨೦ ಡಿಗ್ರಿ. ಎರಡು ಪಟ್ಟಿನ ಲೆಕ್ಕದಲ್ಲಿ ವೇಗ ನಾಲ್ಕು ಪಟ್ಟು, ಮೂರು ಪಟ್ಟಿನ ಲೆಕ್ಕದಲ್ಲಿ ಒಂಬತ್ತು ಪಟ್ಟು. ಅಲ್ಲಿಯ ಇಪ್ಪತ್ತು ವರ್ಷ ಇಲ್ಲಿ ಐದು ವರ್ಷಕ್ಕೆ, ಅಥವಾ ಎರಡೂ ಕಾಲು ವರ್ಷಕ್ಕೆ ಸಮವಾದೀತು! ಹಾಗಾದರೆ ಬಿಸಿಯಲ್ಲಿಟ್ಟು ಬೇಗನೆ ಹಳತು ಮಾಡಬಹುದಲ್ಲವೆ ಎಂದರೆ ಅದೂ ಸಲ್ಲದು. ಎಲ್ಲ ಕ್ರಿಯೆಗಳ ವೇಗವೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಕೆಲವು ಓಡುತ್ತವೆ, ಕೆಲವು ನಡೆಯುತ್ತವೆ. ಬಿಸಿಯಲ್ಲಿ ಹಳತಾದುದು ತಂಪಿನಲ್ಲಿ ಹಳತಾದುದರ ಶೀಘ್ರ ಪ್ರತಿಯಲ್ಲ, ಬೇರೆಯೇ ಪದಾರ್ಥ. ಉಷ್ಣವನ್ನು ಸೂಕ್ಷ್ಮವಾಗಿ ಅಳೆದು ಕೀರ್ತಿ ಪಡೆದ ಜೂಲ್ ಮಹಾಶಯನು ಸಾಲ್ಫರ್ಡಿನ ಬಿಯರ್ ತಯಾರಕರ ಮನೆಯಲ್ಲಿ ಹುಟ್ಟಿದವನೆಂಬುದನ್ನು ಇಲ್ಲಿ ನೆನೆಯಬಹುದು.

ಬೆಳಕೂ ಶತ್ರುವೇ. ಬಿಯರಿನಲ್ಲಿರುವ ರಿಬೊಫ್ಲಾವಿನ್, ಎಂದರೆ ಬಿ-೨ ವಿಟಮಿನ್, ಬೆಳಕನ್ನು ಹೀರಿ ಹಾಪ್ ಕಹಿಯನ್ನು ಒಡೆಯಲು ನೆರವಾಗುತ್ತದೆ. ಅದರಿಂದ ಹುಟ್ಟುವ ಗಂಧಕದ ಸಂಯುಕ್ತ ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ವೈರಿಯ ಮೇಲೆ ಚಿಮ್ಮಿಸುವ ದ್ರವದಂತೆ ನಾರುತ್ತದೆ. ಕಂದು ಸೀಸೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಬಿಳಿಯ ಸೀಸೆ ತಡೆಯಲಾರದು. ಅಂಗಡಿಯ ಕಪಾಟಿನಲ್ಲಿ ದೀಪದ ಕೆಳಗೆ ಮೆರೆದ ಸೀಸೆಗೆ ವಯಸ್ಸಾಗಿರಬಹುದು, ಪಕ್ವತೆ ಬಂದಿರುವುದಿಲ್ಲ.

ಹಳಮೆಯ ಕೀರ್ತಿಯೆಲ್ಲ ಕಾಲಕ್ಕೇ ಸಲ್ಲುವುದೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪೀಪಾಯಿಗಳಲ್ಲಿ ಬಹುಕಾಲ ಇಟ್ಟ ಬಿಯರಿಗೆ ಒಂದು ವಿಶೇಷ ಸೊಗಡು ಬರುತ್ತಿತ್ತು. ಅದು ವಯಸ್ಸಿನ ಮಹಿಮೆಯೆಂದು ಜನ ತಿಳಿದಿದ್ದರು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಸಂಸ್ಥೆಯ ಕ್ಲಾಸೆನ್ ಎಂಬ ವಿಜ್ಞಾನಿ ಅದರ ಗುಟ್ಟನ್ನು ೧೯೦೪ರಲ್ಲಿ ಪ್ರಕಟಿಸಿದನು. ಆ ಸೊಗಡಿಗೆ ಕಾರಣ ಪೀಪಾಯಿಯಲ್ಲಿ ಮೆಲ್ಲನೆ ಬೆಳೆಯುವ ಬೇರೊಂದು ಜಾತಿಯ ಯೀಸ್ಟ್. ಅದಕ್ಕೆ ಆತನು ಬ್ರೆಟ್ಟನೊಮೈಸಿಸ್ ಎಂದು ಹೆಸರಿಟ್ಟನು. ಬ್ರಿಟನ್ನಿನ ಶಿಲೀಂಧ್ರ ಎಂದು ಅದರ ಅರ್ಥ. ಜನರು ಕಾಲಕ್ಕೆ ಕೊಟ್ಟಿದ್ದ ಕೀರ್ತಿ ಒಂದು ಸೂಕ್ಷ್ಮಜೀವಿಗೆ ಸೇರಬೇಕಾದದ್ದಾಗಿತ್ತು.

ಇಲ್ಲಿಗೆ, ಹಳೆಯ ಕಡು ಬಿಯರು ಚೆನ್ನಾಗಿರುವುದು ಸಾಧ್ಯವೆಂದಾಯಿತು. ಸಾಧ್ಯವೆಂದ ಮಾತ್ರಕ್ಕೆ ಸಿದ್ಧವಾಗಲಿಲ್ಲ. ಪ್ರಶಂಸೆಯ ಮಾತುಗಳನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು? ನಮಗೆ ತೋರುವಂತೆ ಇಲ್ಲಿ ಮೂರು ಮೋಸಗಳಿಗೆ ಎಡೆಯಿದೆ.

ಮೊದಲನೆಯದು, ಉಳಿದವುಗಳ ಸಾಕ್ಷ್ಯ. ಬಿರಡೆ ಸಡಿಲಿ ಹುಳಿತುಹೋದ ಸೀಸೆಗಳನ್ನು ಜನ ಚೆಲ್ಲಿಬಿಡುತ್ತಾರೆ, ಅವುಗಳ ಕಥೆಯನ್ನು ಯಾರೂ ಬರೆಯುವುದಿಲ್ಲ. ಚೆನ್ನಾಗಿ ಉಳಿದ ಒಂದು ಸೀಸೆಯ ವರ್ಣನೆ ದೇಶದೇಶಗಳಿಗೆ ಹಬ್ಬುತ್ತದೆ. ಎರಡನೆಯದು, ಹೋಲಿಕೆಯ ಅಭಾವ. ೧೮೬೯ರ ಬಿಯರು ೧೮೭೦ರಲ್ಲಿ ಹೇಗಿತ್ತೆಂದು ಹೇಳಬಲ್ಲವರು ಇಂದು ಬದುಕಿಲ್ಲ. ಹಳೆಯದು ಉತ್ತಮವಾಯಿತೆನ್ನಲು ಮೊದಲು ಎಷ್ಟು ಉತ್ತಮವಾಗಿತ್ತೆಂಬುದು ತಿಳಿದಿರಬೇಡವೆ? ಮೂರನೆಯದು, ಕಣ್ಣು ನಾಲಗೆಗೆ ಹೇಳಿಕೊಡುವ ಪಾಠ. ಚೀಟಿಯ ಮೇಲೆ ೧೯೦೨ ಎಂದು ಓದಿದವನ ನಾಲಗೆ ಆಗಲೇ ಮೆಚ್ಚಲು ಸಿದ್ಧವಾಗಿರುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡವನಂತೂ ಚೆನ್ನಾಗಿಲ್ಲವೆಂದು ಹೇಳುವುದು ಕಷ್ಟ.

ಈ ಮೋಸಗಳಿಂದ ಪಾರಾಗುವ ಉಪಾಯಗಳನ್ನು ಬೆಳೆಸಿದವರಲ್ಲಿ ಬಿಯರ್ ಕಾರ್ಖಾನೆಗಳ ವಿಜ್ಞಾನಿಗಳೂ ಇದ್ದಾರೆಂಬುದು ಸಂತೋಷದ ವಿಷಯ. ಕಾರ್ಲ್ಸ್‌ಬರ್ಗ್‌ನಲ್ಲಿ ೧೯೪೦ರ ದಶಕದಲ್ಲಿ ಬಳಕೆಗೆ ಬಂದ ತ್ರಿಕೋನ ಪರೀಕ್ಷೆಯನ್ನು ನೋಡಿರಿ. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೊಂದು. ಯಾವುದು ಬೇರೆಯೆಂದು ಹೆಸರನ್ನೂ ಇಸವಿಯನ್ನೂ ತಿಳಿಯದೆ ಹೇಳಬೇಕು. ಬರಿಯ ಊಹೆಯಿಂದ ಸರಿಯುತ್ತರ ಬರುವ ಸಂಭವ ಮೂರರಲ್ಲಿ ಒಂದು. ಆರು ಜನ ಬೇರೆ ಬೇರೆಯಾಗಿ ಪರೀಕ್ಷಿಸಿ ಆರು ಜನರೂ ಸರಿಯಾಗಿ ಹೇಳಿದರೆ, ಅದು ಊಹೆಯಿಂದಲೇ ಆಗಿರುವ ಸಂಭವ ೭೨೯ರಲ್ಲಿ ಒಂದು ಮಾತ್ರ. ಹೀಗೆ ವ್ಯತ್ಯಾಸ ನಿಜವೆಂದು ಗೊತ್ತಾದ ಬಳಿಕವಷ್ಟೆ ಯಾವುದು ಮೇಲೆಂದು ಕೇಳುವುದು ನ್ಯಾಯ. ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯಲ್ಲಿದ್ದ ಗಾಸೆಟ್ ಎಂಬವನು ಕೆಲವೇ ಮಾಪನಗಳಿಂದ ಎಷ್ಟರಮಟ್ಟಿಗೆ ನಿರ್ಣಯ ಮಾಡಬಹುದೆಂಬುದನ್ನು ಗಣಿತದಿಂದ ತೋರಿಸಿ, ೧೯೦೮ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದನು. ಸಂಖ್ಯಾಶಾಸ್ತ್ರ ಓದುವವರು ಇಂದಿಗೂ ಆ ಹೆಸರಿನ ಪರೀಕ್ಷೆಯನ್ನು ಕಲಿಯುತ್ತಾರೆ. ಒಂದು ಸೀಸೆ ತೆರೆದು ಹಳೆಯದೆಲ್ಲ ಅಮೃತವೆಂದು ಸಾರುವವರಿಗೆ ಈ ವಿದ್ಯಾರ್ಥಿಯ ಪಾಠ ಅವಶ್ಯವಾಗಿ ಬೇಕು.

ಹಳೆಯ ಬಿಯರಿನ ಯೋಗ್ಯತೆಯನ್ನು ನಿಜವಾಗಿ ಅಳೆಯಬೇಕಾದರೆ ಮಾಡಬೇಕಾದದ್ದು ಇಷ್ಟೆ: ಒಂದೇ ದಿನ ಒಂದೇ ಕಡಾಯಿಯಿಂದ ತುಂಬಿದ ಸೀಸೆಗಳಲ್ಲಿ ಕೆಲವನ್ನು ಸೊನ್ನೆ ಡಿಗ್ರಿಯ ಹತ್ತಿರ, ಕ್ರಿಯೆಗಳು ಬಹುಮಟ್ಟಿಗೆ ನಿಂತಿರುವಂತೆ ಇಡುವುದು, ಉಳಿದುದನ್ನು ಮಾಳಿಗೆಯ ಉಷ್ಣತೆಯಲ್ಲಿ ಇಡುವುದು, ಹತ್ತು ವರ್ಷಗಳ ಬಳಿಕ ಹೆಸರು ಮರೆಮಾಡಿ ಹೋಲಿಸುವುದು. ಇದಕ್ಕೆ ಬೇಕಾದದ್ದು ಹಣಕ್ಕಿಂತ ತಾಳ್ಮೆ.

ಇಷ್ಟನ್ನೂ ತೂಗಿ ನೋಡಿ ನಮ್ಮ ಅಭಿಪ್ರಾಯವನ್ನು ಹೇಳುತ್ತೇವೆ. ನಮ್ಮ ಅಂಗಡಿಗಳಲ್ಲಿ ‘ಸ್ಟ್ರಾಂಗ್’ ಎಂಬ ಹೆಸರಿನಿಂದ ಮಾರುವ ತಿಳಿಬಣ್ಣದ ಬಿಯರುಗಳನ್ನು ಕೂಡಿಡುವುದು ಅವಿವೇಕ. ಅವು ತಿಂಗಳುಗಳ ಲೆಕ್ಕದ ಪಾನೀಯಗಳು, ಇಟ್ಟರೆ ರಟ್ಟಿನ ವಾಸನೆಯಲ್ಲದೆ ಬೇರೇನೂ ದಕ್ಕದು. ಕಪ್ಪು ಮಾಲ್ಟಿನಿಂದ ಮಾಡಿ, ಯೀಸ್ಟನ್ನು ಸೀಸೆಯಲ್ಲೇ ಉಳಿಸಿ, ತಂಪಾದ ಕತ್ತಲೆಯ ಸ್ಥಳದಲ್ಲಿಟ್ಟ ಕಡು ಬಿಯರು ಐದು, ಹತ್ತು, ಹೆಚ್ಚೆಂದರೆ ಇಪ್ಪತ್ತು ವರ್ಷಗಳವರೆಗೆ ಕುಡಿಯುವವರಿಗೆ ಹೊಸ ಸವಿಯನ್ನು ಕೊಡಬಲ್ಲುದೆಂದು ಒಪ್ಪಲು ರಸಾಯನ ವಿಜ್ಞಾನದಲ್ಲಿ ಸಾಕಷ್ಟು ಆಧಾರವಿದೆ. ಅದಕ್ಕಿಂತ ಹಳೆಯ ಸೀಸೆಗಳ ಬೆಲೆ ಇತಿಹಾಸಕ್ಕೆ ಕೊಡುವ ಬೆಲೆಯೇ ಹೊರತು ರುಚಿಗೆ ಕೊಡುವ ಬೆಲೆಯಲ್ಲ. ಇತಿಹಾಸಕ್ಕೆ ಬೆಲೆ ಕೊಡುವುದು ತಪ್ಪಲ್ಲ. ಎರಡನ್ನೂ ಒಂದೇ ಎಂದು ತಿಳಿಯುವುದು ತಪ್ಪು.

ಅಷ್ಟು ಹಳೆಯ ಸೀಸೆಗಳಿಗೆ ಗಂಟಲಿಗಿಂತ ಉತ್ತಮವಾದ ಸ್ಥಾನವೊಂದಿದೆ. ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ೧೮೪೦ರ ದಶಕದಲ್ಲಿ ಮುಳುಗಿದ ಹಡಗೊಂದು ೨೦೧೦ರಲ್ಲಿ ಮುಳುಗುಗಾರರ ಕಣ್ಣಿಗೆ ಬಿತ್ತು. ಸುಮಾರು ೫೦ ಮೀಟರ್ ಆಳದ ತಣ್ಣನೆಯ ಕತ್ತಲೆಯಲ್ಲಿ ಶಾಂಪೇನಿನೊಡನೆ ಬಿಯರಿನ ಸೀಸೆಗಳೂ ಇದ್ದವು. ಅದು ಕಡು ಬಿಯರಲ್ಲದಿದ್ದರೂ ಸಂಗ್ರಹಕ್ಕೆ ಅದಕ್ಕಿಂತ ಒಳ್ಳೆಯ ಮಾಳಿಗೆಯನ್ನು ಊಹಿಸುವುದು ಕಷ್ಟ. ಫಿನ್‌ಲೆಂಡಿನ ಮತ್ತು ಮ್ಯೂನಿಕ್ಕಿನ ವಿಜ್ಞಾನಿಗಳು ಎರಡು ಸೀಸೆಗಳನ್ನು ಪರೀಕ್ಷಿಸಿ ಫಲಿತಾಂಶಗಳನ್ನು ೨೦೧೫ರಲ್ಲಿ ಪ್ರಕಟಿಸಿದರು. ಬಿರಡೆಯ ಮೂಲಕ ಸಮುದ್ರದ ನೀರು ಸೇರಿತ್ತು, ಬ್ಯಾಕ್ಟೀರಿಯಾಗಳು ಹುಳಿಯೆಬ್ಬಿಸಿದ್ದವು. ಸುಟ್ಟ ರಬ್ಬರು, ಅತಿಯಾಗಿ ಮಾಗಿದ ಗಿಣ್ಣು, ಹೋತ ಇವುಗಳ ವಾಸನೆ ಬರುತ್ತಿತ್ತು. ಕುಡಿಯುವವನಿಗೆ ಅದು ನಿರುಪಯೋಗಿ. ಆದರೆ ಅವು ಎರಡು ಬೇರೆ ಬೇರೆ ಬಿಯರುಗಳೆಂದೂ ಒಂದಕ್ಕೆ ಹಾಪ್ ಹೆಚ್ಚು ಹಾಕಿದ್ದರೆಂದೂ ರಾಸಾಯನಿಕ ವಿಶ್ಲೇಷಣೆಯಿಂದ ಗೊತ್ತಾಯಿತು. ನೂರೆಪ್ಪತ್ತು ವರ್ಷಗಳ ಹಿಂದಿನ ಕೈಗಾರಿಕೆಯೊಂದು ತನ್ನ ವೃತ್ತಾಂತವನ್ನು ತಾನೇ ಹೇಳಿದಂತಾಯಿತು. ನೂರು ವರ್ಷ ದಾಟಿದ ಸೀಸೆಯನ್ನು ಔತಣದಲ್ಲಿ ಬರಿದು ಮಾಡುವುದಕ್ಕಿಂತ, ಅದರಲ್ಲಿ ಒಂದು ಪಾಲನ್ನಾದರೂ ಪ್ರಯೋಗಶಾಲೆಗೆ ಒಪ್ಪಿಸುವುದು ಲೇಸೆಂದು ನಮ್ಮ ಮತ.

ಕೊನೆಯದಾಗಿ ಆರೋಗ್ಯದ ಮಾತು. ಕಾಲವು ಬಿಯರಿನ ಕಹಿಯನ್ನು ಇಳಿಸುತ್ತದೆ, ಮದ್ಯಸಾರವನ್ನು ಇಳಿಸುವುದಿಲ್ಲ. ನೂರಕ್ಕೆ ೧೨ ಪಾಲಿನ ಕಡು ಬಿಯರಿನ ೩೩೦ ಮಿಲಿಲೀಟರ್ ಸೀಸೆಯಲ್ಲಿ ಸುಮಾರು ೩೧ ಗ್ರಾಮ್ ಮದ್ಯಸಾರವಿದೆ. ಐದು ಪಾಲಿನ ಸಾಮಾನ್ಯ ಬಿಯರಿನಲ್ಲಿ ಸುಮಾರು ೧೩ ಗ್ರಾಮ್. ಮದ್ಯಪಾನೀಯಗಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೮೮ರಲ್ಲಿಯೇ ನಿರ್ಣಯಿಸಿದೆ. ಆರೋಗ್ಯಕ್ಕೆ ಬಾಧಕವಲ್ಲದ ಪ್ರಮಾಣವೆಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೇಳಿತು. ಹಳೆಯದು ಸೌಮ್ಯವಾದುದು, ಔಷಧಿಯಂತೆ ಒಳ್ಳೆಯದು ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿರಿ. ನಮ್ಮ ತರುಣ ವಾಚಕರು ಈ ಪ್ರಶ್ನೆಯನ್ನು ತಮ್ಮ ನಾಲಗೆಯಿಂದ ಬಿಡಿಸಬೇಕಾದ ಅವಶ್ಯಕತೆ ಏನೇನೂ ಇಲ್ಲ.

ಅವರು ಬಿಡಿಸಬಹುದಾದ ಪ್ರಶ್ನೆಗಳು ಮನೆಯಲ್ಲಿಯೇ ಇವೆ. ಹಳೆಯ ಅಕ್ಕಿಯ ಅನ್ನ ಎಷ್ಟು ಅರಳುತ್ತದೆ, ಹೊಸದು ಎಷ್ಟು? ಒಂದೇ ಅಳತೆಯ ನೀರು, ಒಂದೇ ಉರಿ, ಒಂದೇ ಪಾತ್ರೆಯಲ್ಲಿ ಬೇಯಿಸಿ ಅಳೆದವರು ಎಷ್ಟು ಮಂದಿ? ಮೂರು ವರ್ಷದ ಉಪ್ಪಿನಕಾಯಿಯನ್ನೂ ಮೂರು ತಿಂಗಳಿನದನ್ನೂ ಕಣ್ಣು ಕಟ್ಟಿಕೊಂಡು ಬೇರ್ಪಡಿಸಬಲ್ಲ ಅಜ್ಜಿಯರು ಎಷ್ಟು ಮಂದಿ? ಮೂರು ಬಟ್ಟಲುಗಳನ್ನಿಟ್ಟು ತ್ರಿಕೋನ ಪರೀಕ್ಷೆ ನಡೆಸಲು ಒಂದು ಸಂಜೆ ಸಾಕು. ಅಜ್ಜಿ ಗೆದ್ದರೆ ಅವರ ಮಾತಿಗೆ ಪ್ರಮಾಣ ದೊರೆಯಿತು. ಸೋತರೆ ಉಪ್ಪಿನಕಾಯಿಯ ರುಚಿಯೇನೂ ಕಡಿಮೆಯಾಗಲಿಲ್ಲ. ಫಲಿತಾಂಶವನ್ನು ಮಾತ್ರ, ಬಂದದ್ದು ಬಂದಂತೆಯೇ, ದಿನಾಂಕ ಸಹಿತವಾಗಿ ಬರೆದಿಡಿರಿ.